ಅಕ್ಕೋರ ಹಾಜರಿ ಪುಸ್ತಕ

ನಮ್ಮ ಮನೆಯ ಕಪಾಟಿನ ಕೆಳಖಾನೆಯಲ್ಲಿ ಉದ್ದನೆಯ ಹಾಜರಿ ಪುಸ್ತಕಗಳ ಒಂದು ಕಟ್ಟು ಇದೆ. ಹೊನ್ನಾವರದ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ನಾಲ್ಕು ತಿಂಗಳಲ್ಲಿ ಬೂಷ್ಟು ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ದೀಪಾವಳಿ ಹೊತ್ತಿಗೆ ಬಿಸಿಲು ಗಟ್ಟಿಯಾದ ಕೂಡಲೇ ಅಂಗಳದಲ್ಲಿ ಚಾಪೆ ಹಾಸಿ ಎಲ್ಲವನ್ನೂ ಬಿಡಿಸಿ ಇಡುತ್ತೇನೆ. ಪಕ್ಕದ ಮನೆಯವರು ಅಡಿಕೆ ಒಣಗಿಸುತ್ತಾರೆ, ನಾನು ಪುಸ್ತಕ ಒಣಗಿಸುತ್ತೇನೆ.

ಇವು ಅಕ್ಕೋರ ಪುಸ್ತಕಗಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ವಾರವಿಡೀ ಕನ್ನಡ ಶಾಲೆಯ ಅಕ್ಕೋರು, ಭಾನುವಾರ ಇಗರ್ಜಿಯ ಅಕ್ಕೋರು. ಬೆಳಗಿನ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ಪಾಠ ಇರುತ್ತದಲ್ಲ, ಕೊಂಕಣಿಯಲ್ಲಿ ದೊತೊರ್ನ್ ಅನ್ನುತ್ತೇವೆ, ಅದನ್ನು ಅವರು ಬದುಕಿಡೀ ಮಾಡಿದರು. ಕಾರವಾರ ಧರ್ಮಪ್ರಾಂತ್ಯ, ಅಂದರೆ ನಮ್ಮ ಬಿಷಪ್ಪರ ಆಡಳಿತದ ವಲಯ, ಬೆಳಗಾವಿಯಿಂದ ಬೇರೆಯಾದದ್ದು 1976ರಲ್ಲಿ. ಅವರು ಪಾಠ ಶುರು ಮಾಡಿದ್ದೂ ಅದೇ ವರ್ಷ. "ಧರ್ಮಪ್ರಾಂತ್ಯಕ್ಕೂ ನನ್ನ ಕ್ಲಾಸಿಗೂ ಒಂದೇ ವಯಸ್ಸು" ಅಂತ ಹೇಳುವಾಗ ಅವರ ಮುಖ ಅರಳುತ್ತಿತ್ತು.

ಹಾಜರಿ ಪುಸ್ತಕ ಎಲ್ಲ ಕಡೆ ಇರುವಂಥದ್ದೇ. ಎಡಗಡೆ ಹೆಸರು, ಆಮೇಲೆ ಒಂದೊಂದು ಭಾನುವಾರಕ್ಕೆ ಒಂದೊಂದು ಚೌಕ. ಆದರೆ ಅಕ್ಕೋರು ಪ್ರತಿ ಹಾಳೆಯ ಬಲತುದಿಯಲ್ಲಿ ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ಇನ್ನೊಂದು ಕಾಲಂ ಎಳೆಯುತ್ತಿದ್ದರು. ಅದರ ಮೇಲೆ ಒಂದೇ ಶಬ್ದ: "ಯಾಕೆ?" ಮಗು ಬರದಿದ್ದರೆ ಕಾರಣ ಅಲ್ಲಿ ಬರೆಯಬೇಕು. ಊಹಿಸಿ ಅಲ್ಲ, ತಿಳಿದುಕೊಂಡು. ಸೋಮವಾರ ಶಾಲೆ ಬಿಟ್ಟ ಮೇಲೆ ಅವರು ಮನೆಮನೆಗೆ ಹೋಗುತ್ತಿದ್ದರು.

ಆ ಕಾಲಂ ಓದಿದರೆ ಇಡೀ ಊರು ಕಣ್ಣ ಮುಂದೆ ಬರುತ್ತದೆ. "ಜ್ವರ." "ಅಜ್ಜಿ ಮನೆ." "ಅಪ್ಪ ರಾತ್ರಿ ಗಲಾಟೆ ಮಾಡಿದ, ನಿದ್ದೆ ಇಲ್ಲ." "ರಂಪಣಿಗೆ ಹೋಗಿದ್ದ, ಪಾಲು ಸಿಕ್ಕಿದೆ." ರಂಪಣಿ ಅಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಮೀನುಬಲೆ. ಒಂದು ಕಡೆ "ಚಪ್ಪಲಿ ಇಲ್ಲ" ಅಂತ ಇದೆ. ಮುಂದಿನ ಭಾನುವಾರದಿಂದ ಆ ಹುಡುಗಿಯ ಹೆಸರಿನ ಎದುರು ಸಾಲಾಗಿ ಹಾಜರಿ. ನಡುವಿನ ವಾರದಲ್ಲಿ ಏನಾಯಿತು ಅಂತ ಪುಸ್ತಕದಲ್ಲಿ ಬರೆದಿಲ್ಲ.

ನಾನು ಅವರ ಜೊತೆ ಪಾಠ ಮಾಡಲು ಸೇರಿದಾಗ ನನಗೆ ಇಪ್ಪತ್ಮೂರು. ಡಿಗ್ರಿ ಮುಗಿದಿತ್ತು, ಕೆಲಸ ಇನ್ನೂ ಸಿಕ್ಕಿರಲಿಲ್ಲ. ಕೈಯಲ್ಲಿ ಹುರುಪು ಜಾಸ್ತಿ, ತಾಳ್ಮೆ ಕಡಿಮೆ. ಹಾಡು, ನಾಟಕ, ಚಿತ್ರ, ಬೈಬಲ್ ಕ್ವಿಜ್ ಎಲ್ಲ ಶುರು ಮಾಡಿದೆ. ಅಕ್ಕೋರು ಯಾವುದಕ್ಕೂ ಬೇಡ ಅನ್ನಲಿಲ್ಲ. ಕ್ರಿಸ್ಮಸ್ ಕಾರ್ಯಕ್ರಮದ ಪೂರ್ತಿ ಜವಾಬ್ದಾರಿ ಮೊದಲ ವರ್ಷವೇ ನನ್ನ ಕೈಗೆ ಕೊಟ್ಟರು. "ನನಗೆ ಬರುತ್ತದಾ ಅಕ್ಕೋರೆ?" ಅಂತ ಕೇಳಿದ್ದೆ. "ಬರೋದಿಲ್ಲ. ಮಾಡ್ತಾ ಮಾಡ್ತಾ ಬರ್ತದೆ" ಅಂದರು.

ಇಲ್ಲಿಂದ ಮುಂದಿನದು ಹೇಳುವುದು ನನಗೆ ಈಗಲೂ ಕಷ್ಟ.

ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಸ್ವೀಕರಿಸಲು, ಸಿದ್ಧವಾಗುತ್ತಿದ್ದ ಮಕ್ಕಳ ಗುಂಪು ನನ್ನದು. ಅದರಲ್ಲಿ ಒಬ್ಬ ಹುಡುಗ, ಒಂಬತ್ತು ವರ್ಷ. ವಿಶ್ವಾಸ ಪ್ರಮಾಣದ ಪ್ರಾರ್ಥನೆ ಅವನಿಗೆ ಬಾಯಿಗೆ ಬರುತ್ತಲೇ ಇರಲಿಲ್ಲ. ಯೇಸುವಿಗೆ ಶಿಲುಬೆಯ ತೀರ್ಪು ಕೊಟ್ಟ ಪಿಲಾತನ ಹೆಸರು ಬರುವಲ್ಲಿಗೆ ಬಂದು ನಿಂತುಬಿಡುತ್ತಿದ್ದ. ಮೂರು ವಾರ ಹೀಗೇ ಆಯಿತು. ನಾಲ್ಕನೆಯ ವಾರ ನನ್ನ ತಾಳ್ಮೆ ತಪ್ಪಿತು. ಎಲ್ಲ ಮಕ್ಕಳ ಎದುರು ಕೇಳಿಬಿಟ್ಟೆ: "ಮನೆಯಲ್ಲಿ ಹೇಳಿಕೊಡೋರು ಯಾರೂ ಇಲ್ವಾ ನಿನಗೆ?"

ಇರಲಿಲ್ಲ. ಅಪ್ಪ ಬೋಟಿನ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಹೊರಟವಳು ಮಧ್ಯಾಹ್ನ ಮನೆ ಸೇರುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಇದೆಲ್ಲ ಅಕ್ಕೋರ ಕೆಂಪು ಕಾಲಮಿನಲ್ಲಿ ಇತ್ತು. ನಾನು ಓದಿರಲಿಲ್ಲ.

ಹುಡುಗ ಬರುವುದು ಬಿಟ್ಟ. ಅವನ ಅಮ್ಮ ಸಭೆಯಲ್ಲಿ ಎದ್ದು ನಿಂತು ನನ್ನ ಮೇಲೆ ದೂರು ಹೇಳಿದಳು. ಅದನ್ನೇ ಹಿಡಿದುಕೊಂಡು ಇನ್ನೊಬ್ಬರು "ನಿನ್ನೆ ಮೊನ್ನೆ ಬಂದವರ ಕೈಗೆ ಮಕ್ಕಳನ್ನು ಕೊಟ್ಟರೆ ಹೀಗೇ" ಅಂದರು. ನಾನು ಅಲ್ಲಿಯೇ ಪುಸ್ತಕ, ಕೀಲಿಕೈ ಎಲ್ಲ ಮೇಜಿನ ಮೇಲಿಟ್ಟು ಬಂದೆ. ಮನೆಗೆ ಬಂದು ಅಳುತ್ತಾ ಅಮ್ಮನಿಗೆ ಹೇಳಿದ್ದು ನೆನಪಿದೆ: ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಹನ್ನೊಂದು ತಿಂಗಳು ತಲೆ ಹಾಕಲಿಲ್ಲ. ಪೂಜೆಗೆ ಹೋಗುತ್ತಿದ್ದೆ, ಮುಗಿದ ಕೂಡಲೇ ಹಿಂದಿನ ಬಾಗಿಲಿನಿಂದ ಹೊರಗೆ.

ಬೈಬಲ್ಲಿನಲ್ಲಿ ಮಾರ್ಕನ ಕತೆ ನನಗೆ ಅಷ್ಟು ಹತ್ತಿರ ಆಗಿದ್ದು ಇದರಿಂದಲೇ. ಮಾರ್ಕ ಅಂದರೆ ಶುಭಸಂದೇಶ ಬರೆದ ಮಾರ್ಕ ಅಂತ ಮಾತ್ರ ಎಲ್ಲರಿಗೂ ಗೊತ್ತು. ಆದರೆ ಅವನು ಮೊದಲು ಓಡಿಹೋದವನು. ಯೇಸುವಿನ ಸಂದೇಶ ಊರೂರಿಗೆ ಸಾರಲು ಪೌಲ ಮತ್ತು ಬಾರ್ನಬ ಮೊದಲ ಪ್ರಯಾಣಕ್ಕೆ ಹೊರಟಾಗ ಈ ಯುವಕನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಪಂಫೀಲಿಯ ಸೀಮೆ ತಲುಪಿದ ಮೇಲೆ ಅವನು ಅವರನ್ನು ಬಿಟ್ಟು ಜೆರುಸಲೇಮಿಗೆ ವಾಪಸ್ ಹೋದ. ಯಾಕೆ ಅಂತ ಬರೆದಿಲ್ಲ. ನೋಡಿ, ಅಲ್ಲಿಯೂ ಆ ಕಾಲಂ ಖಾಲಿ. ಎರಡನೆಯ ಸಲ ಹೊರಡುವಾಗ ಬಾರ್ನಬ "ಇವನನ್ನೂ ಕರೆದುಕೊಂಡು ಹೋಗೋಣ" ಅಂದ. ಪೌಲ ಒಪ್ಪಲಿಲ್ಲ. ನಡುದಾರಿಯಲ್ಲಿ ಬಿಟ್ಟುಹೋದವನನ್ನು ಮತ್ತೆ ಯಾಕೆ ಅನ್ನುವುದು ಅವನ ವಾದ. ಜಗಳ ಎಷ್ಟು ಜೋರಾಯಿತು ಅಂದರೆ ಆ ಇಬ್ಬರು ದೊಡ್ಡವರೇ ಬೇರೆ ಬೇರೆಯಾದರು. ಪೌಲ ಸೀಲನನ್ನು ಕರೆದುಕೊಂಡು ಒಂದು ದಾರಿ ಹಿಡಿದ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಸೈಪ್ರಸ್ಸಿಗೆ ಹೋದ. ಅದು ಬಾರ್ನಬನ ಸ್ವಂತ ಊರು.

ಈ ಕತೆ ಇರುವುದು ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳು ಅನ್ನುವ ಪುಸ್ತಕದಲ್ಲಿ, ಅಲ್ಲಿಂದ ಮುಂದೆ ಅದರಲ್ಲಿ ಬಾರ್ನಬನ ಸುದ್ದಿಯೇ ಇಲ್ಲ. ಪುಸ್ತಕ ಪೌಲನ ಹಿಂದೆ ಹೋಗುತ್ತದೆ. ಸೈಪ್ರಸ್ಸಿನಲ್ಲಿ ಬಾರ್ನಬ ಆ ಹುಡುಗನಿಗೆ ಏನು ಹೇಳಿದ, ಹೇಗೆ ನೋಡಿಕೊಂಡ, ಒಂದು ಸಾಲೂ ಇಲ್ಲ. ಆದರೆ ವರ್ಷಗಳಾದ ಮೇಲೆ ಸೆರೆಯಲ್ಲಿ ಕೂತು ತನ್ನ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನೇ ಹೇಳುತ್ತಾನೆ: ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ. ಬೇಡ ಅಂದವನೇ ಬೇಕು ಅಂದ. ನಡುವೆ ಒಬ್ಬ ಬಾರ್ನಬ ಕೆಲಸ ಮಾಡಿದ್ದ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಪೌಲ ಹೊಸದಾಗಿ ಮನಸ್ಸು ತಿರುಗಿಸಿಕೊಂಡು ಜೆರುಸಲೇಮಿಗೆ ಬಂದಾಗ ಯೇಸುವಿನ ಶಿಷ್ಯರೆಲ್ಲ ಅವನಿಗೆ ಹೆದರಿದ್ದರು. ನಿನ್ನೆಯವರೆಗೆ ತಮ್ಮವರನ್ನೇ ಹಿಡಿದು ಕಟ್ಟಿಸುತ್ತಿದ್ದವನು, ನಂಬುವುದು ಹೇಗೆ? ಆಗ ಅವನ ಕೈ ಹಿಡಿದು ಪ್ರೇಷಿತರ ಹತ್ತಿರ ಕರೆದುಕೊಂಡು ಹೋದದ್ದೂ ಇದೇ ಬಾರ್ನಬ. ತನಗೆ ಸಿಕ್ಕಿದ ಎರಡನೆಯ ಅವಕಾಶವನ್ನು ಪೌಲನಂಥ ಪೌಲನೂ ಒಂದು ದಿನ ಇನ್ನೊಬ್ಬನಿಗೆ ಕೊಡಲು ಮರೆತ. ಇದನ್ನು ಪವಿತ್ರ ಗ್ರಂಥ ಮುಚ್ಚಿಡದೆ ಬರೆದಿದೆಯಲ್ಲ, ಅದಕ್ಕೆ ನನಗೆ ಅದರ ಮೇಲೆ ಇನ್ನೂ ಜಾಸ್ತಿ ನಂಬಿಕೆ.

ಆ ಹನ್ನೊಂದು ತಿಂಗಳಲ್ಲಿ ಅಕ್ಕೋರು ನಮ್ಮ ಮನೆಗೆ ಮೂರು ಸಲ ಬಂದರು. ಮೂರು ಸಲವೂ ಕೈಯಲ್ಲಿ ಒಂದು ಕಟ್ಟು ಹರಿವೆ ಸೊಪ್ಪು. ಜಗುಲಿಯಲ್ಲಿ ಕೂತು ಅಮ್ಮನ ಜೊತೆ ಮಾತಾಡಿ, ಚಾ ಕುಡಿದು, ಹೋಗುವಾಗ ನನ್ನ ತಲೆ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಪಾಠದ ಸುದ್ದಿ ಎತ್ತಲಿಲ್ಲ. ನಾನು ಒಳಗೆ ಕೂತು ಕಾಯುತ್ತಿದ್ದೆ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ. ಕೇಳಿದರೆ ಹೇಳಲು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಲೇ ಇಲ್ಲ.

ನಾಲ್ಕನೆಯ ಸಲ ಬಂದಾಗ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿತ್ತು. ಪೊರೆಯ ಆಪರೇಷನ್ ಆಗಿತ್ತು. "ತಂಗೀ, ನನಗೆ ಈಗ ಓದೋಕೆ ಆಗೋದಿಲ್ಲ. ಹಾಜರಿ ಕರೆಯೋಕೆ ಒಂದು ಜನ ಬೇಕು. ಬರ್ತ್ಯಾ?" ಅಂದರು. ಪಾಠ ಮಾಡು ಅನ್ನಲಿಲ್ಲ. ಹಾಜರಿ ಕರೆಯಲು ಕೇಳಿದರು. ಅಷ್ಟು ಸಣ್ಣ ಕೆಲಸಕ್ಕೆ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.

"ಆದರೆ ಮೊದಲು ಆ ಮನೆಗೆ ಹೋಗು" ಅಂದರು. ಯಾವ ಮನೆ ಅಂತ ಹೇಳಬೇಕಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಹೋದೆ. ಅಳಿವೆಯ ಹತ್ತಿರ, ಶರಾವತಿ ಸಮುದ್ರ ಸೇರುವ ಕಡೆ ಅವರ ಮನೆ. ಅಂಗಳದಲ್ಲಿ ಬಲೆಯ ಮೇಲೆ ಒಣಮೀನು ಹರಡಿತ್ತು. ಹುಡುಗನ ಅಮ್ಮ ಕಾಗೆ ಓಡಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಮಾತಾಡಲಿಲ್ಲ. "ಹುಡುಗ ಇದ್ದಾನಾ ಅಕ್ಕಾ?" ಅಂದೆ. ಅವನು ಬಾಗಿಲ ಹಿಂದೆಯೇ ಇದ್ದ. ಬರೀ ಕಾಲ್ಬೆರಳು ಕಾಣುತ್ತಿತ್ತು.

ದಾರಿಯುದ್ದಕ್ಕೂ ಅವನ ಅಮ್ಮನಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡು ಬಂದಿದ್ದೆ. ಆ ಬೆರಳು ನೋಡಿದ ಮೇಲೆ ಅದೆಲ್ಲ ಮರೆತುಹೋಯಿತು. ಹೊಸಿಲ ಹೊರಗೆ ಕೂತುಕೊಂಡು ಬಾಗಿಲಿಗೆ ಹೇಳಿದೆ: "ಅವತ್ತು ನಾನು ಹೇಳಿದ್ದು ತಪ್ಪು. ನಿನ್ನದು ಏನೂ ತಪ್ಪಿರಲಿಲ್ಲ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿಂದ ಪ್ರಾರ್ಥನೆ ಶುರುವಾಯಿತು. ಮೊದಲ ಸಾಲಿನಿಂದ, ನಿಧಾನಕ್ಕೆ. ಪಿಲಾತನ ಹತ್ತಿರ ಬಂತು. ನಿಂತಿತು. ನಾನೂ ಸುಮ್ನೆ ಕೂತೆ. ಅವನು ಆ ಹೆಸರನ್ನು ಬಿಟ್ಟು ಮುಂದಿನ ಸಾಲಿಗೆ ಹಾರಿ ಕೊನೆಯವರೆಗೂ ಹೇಳಿ ಮುಗಿಸಿದ. ನಾನು ತಿದ್ದಲಿಲ್ಲ. ಅವನ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬರುವಾಗ ಕಾಗದದಲ್ಲಿ ಕಟ್ಟಿ ನಾಲ್ಕು ಒಣ ಬಂಗಡೆ ಕೊಟ್ಟಳು.

ಮರುದಿನ ಹಾಜರಿ ಪುಸ್ತಕ ತೆರೆದೆ. ಅದರ ಕೊನೆಯ ಹಾಳೆಗಳಲ್ಲಿ ಕಲಿಸುವವರ ಹೆಸರು ಇರುತ್ತಿತ್ತು. ಅದನ್ನು ಪ್ರತಿ ತಿಂಗಳು ಹೊಸದಾಗಿ ಕೈಯಲ್ಲೇ ಬರೆಯಬೇಕು. ನಾನು ಬಿಟ್ಟುಹೋದ ತಿಂಗಳಿನ ಹಾಳೆಯಲ್ಲಿ ನನ್ನ ಹೆಸರು ಇತ್ತು. ಅದರ ಮುಂದಿನ ತಿಂಗಳೂ ಇತ್ತು. ಹನ್ನೊಂದು ತಿಂಗಳು, ಹನ್ನೊಂದು ಸಲ, ಅಕ್ಕೋರು ನನ್ನ ಹೆಸರು ಬರೆದಿದ್ದರು. ಎದುರಿನ ಚೌಕಗಳಲ್ಲಿ ಗೈರುಹಾಜರಿಯ ಗುರುತು. "ಯಾಕೆ?" ಅನ್ನುವ ಕಾಲಂ ಮಾತ್ರ ಖಾಲಿ. ಕಣ್ಣು ಮಂಜಾಗುತ್ತಾ ಬಂದ ಹಾಗೆ ಅವರ ಅಕ್ಷರ ದೊಡ್ಡದಾಗುತ್ತಾ ಹೋಗಿತ್ತು. ಕೊನೆಯ ತಿಂಗಳಲ್ಲಿ ನನ್ನ ಹೆಸರು ಎರಡು ಗೆರೆ ದಾಟಿತ್ತು.

ನಾಯಕತ್ವದ ಬಗ್ಗೆ ಆಮೇಲೆ ನಾನು ಎಷ್ಟೋ ಶಿಬಿರಗಳಿಗೆ ಹೋಗಿದ್ದೇನೆ. ಒಳ್ಳೆಯ ಮಾತುಗಳನ್ನು ಕೇಳಿ ಬರೆದುಕೊಂಡಿದ್ದೇನೆ. ಅವೆಲ್ಲ ಉಪಯೋಗವೇ. ಆದರೆ ಯಾರಾದರೂ ಕೇಳಿದರೆ ನನಗೆ ತೋರಿಸಲು ಇರುವುದು ಆ ಹನ್ನೊಂದು ಹಾಳೆಗಳೇ.

ಅಕ್ಕೋರಿಗೆ ಇದು ಎಲ್ಲಿಂದ ಬಂತು? ಒಮ್ಮೆ ಕೇಳಿದ್ದೆ. ಅವರು ಸಂತ ಜೋಸೆಫ್ ವಾಜರ ಕತೆ ಹೇಳಿದರು. ಪ್ರತಿ ವರ್ಷ ಜನವರಿ 16ಕ್ಕೆ, ಅವರ ಹಬ್ಬದ ದಿನ, ಮಕ್ಕಳಿಗೂ ಇದನ್ನೇ ಹೇಳುತ್ತಿದ್ದರು. ವಾಜರು ಹುಟ್ಟಿದ್ದು 1651ರಲ್ಲಿ, ಗೋವಾದ ಬಾಣಾವಲಿಯಲ್ಲಿ. 1681ರಲ್ಲಿ ಅವರನ್ನು ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಕಳಿಸಿದರು. ಹೊನ್ನಾವರದಿಂದ ದಕ್ಷಿಣದ ಕರಾವಳಿ ಆಗ ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕುಂದಾಪುರ, ಮಂಗಳೂರು ಅಂತ ಮೂರು ವರ್ಷ ಅವರು ಈ ಕಡೆಯೇ ಓಡಾಡಿದರು. "ನಮ್ಮ ಹೊನ್ನಾವರದ ಮಣ್ಣಲ್ಲಿ ನಡೆದವರು ಮಕ್ಕಳೇ" ಅನ್ನುವಾಗ ಅಕ್ಕೋರು ಕಿಟಕಿಯಿಂದ ಹೊರಗೆ, ಈಗತಾನೇ ಯಾರೋ ಹಾದುಹೋದ ಹಾಗೆ ನೋಡುತ್ತಿದ್ದರು.

ವಾಜರು ಬಂದಾಗ ಇಲ್ಲಿ ಇದ್ದದ್ದು ಜಗಳ. ಕ್ರೈಸ್ತರ ಮೇಲೆ ಗೋವಾದ ಅಧಿಕಾರವೋ, ರೋಮಿನಿಂದ ನೇಮಕವಾಗಿ ಮಂಗಳೂರಿನಲ್ಲಿದ್ದ ಬಿಷಪ್ ಕಾಸ್ತ್ರೊ ಅವರದೋ ಅಂತ. ಜನ ಎರಡು ಪಾಲಾಗಿದ್ದರು. ವಾಜರು ಗೋವಾದ ಕಡೆಯಿಂದ ಬಂದವರು. ಆದರೂ ತಾವೇ ಬಿಷಪ್ ಕಾಸ್ತ್ರೊ ಹತ್ತಿರ ಹೋಗಿ ಮಾತಾಡಿ, ಜನರ ಮನಸ್ಸಿನ ಅನುಮಾನ ಹೋಗುವ ಹಾಗೆ ದಾರಿ ಮಾಡಿದರು. ಮೊದಲು ಆ ಮನೆಗೆ ಹೋಗು ಅಂತ ಅಕ್ಕೋರು ನನಗೆ ಹೇಳಿದ್ದರಲ್ಲ, ಅದೇ.

ಗೋವಾಕ್ಕೆ ವಾಪಸ್ ಹೋದ ಮೇಲೆ ಅವರು ಓರೆಟರಿ ಅನ್ನುವ ಗುರುಗಳ ಕೂಟದ ಮುಖ್ಯಸ್ಥರಾದರು. ಆ ಸ್ಥಾನದಲ್ಲೇ ಕೂತಿರಬಹುದಿತ್ತು. ಬಿಟ್ಟು ಹೊರಟರು, ಸಿಲೋನಿಗೆ, ಈಗಿನ ಶ್ರೀಲಂಕಾಕ್ಕೆ. ಅಲ್ಲಿ ಡಚ್ಚರು ಕಥೋಲಿಕರ ಪೂಜೆ ನಿಲ್ಲಿಸಿದ್ದರು, ಗುರುಗಳು ಕಾಲಿಡುವ ಹಾಗಿರಲಿಲ್ಲ. 1687ರಲ್ಲಿ ವಾಜರು ಹರಕು ಬಟ್ಟೆ ಹಾಕಿಕೊಂಡು ಭಿಕ್ಷುಕನ ಹಾಗೆ ಆ ನೆಲ ಮುಟ್ಟಿದರು. ಜೊತೆಗೆ ಜಾನ್ ಅನ್ನುವ ಒಬ್ಬನೇ ಹುಡುಗ. ಇಳಿದ ಕೂಡಲೇ ಕಾಯಿಲೆ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆ ಬಾಗಿಲಲ್ಲಿ ನಿಂತರು. ಆ ಮಾಲೆ ನೋಡಿ ಯಾರ ಕಣ್ಣು ಬದಲಾಗುತ್ತದೆ ಅಂತ ಗಮನಿಸಿ ಕ್ರೈಸ್ತರನ್ನು ಹುಡುಕಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಸೆರೆಯಲ್ಲಿಟ್ಟರು. ಸೆರೆಯಲ್ಲಿ ಕೂತು ಸಿಂಹಳ ಭಾಷೆ ಕಲಿತರು. ಬೇರೆ ಗುರುಗಳು ಸಹಾಯಕ್ಕೆ ಬಂದು ಸೇರುವ ಹೊತ್ತಿಗೆ ಸುಮಾರು ಒಂಬತ್ತು ವರ್ಷ ಕಳೆದಿತ್ತು. ಅಷ್ಟು ವರ್ಷ ಒಬ್ಬರೇ.

ಮಕ್ಕಳಿಗೆ ಸೆರೆಯ ಕತೆ ಇಷ್ಟ. ನನಗೆ ಇಷ್ಟವಾದದ್ದು ಬೇರೆ. ಒಬ್ಬರೇ ಇದ್ದ ಮನುಷ್ಯ ಎಲ್ಲವನ್ನೂ ಒಬ್ಬರೇ ಹಿಡಿದುಕೊಳ್ಳಲಿಲ್ಲ. ಒಂದೊಂದು ಊರಲ್ಲಿ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಆ ಊರಿನವರನ್ನೇ ನಿಲ್ಲಿಸಿದರು. ಅಲ್ಲಿ ಅವರಿಗೆ ಅಣ್ಣಾವಿ ಅನ್ನುತ್ತಿದ್ದರು. ಗುರುಗಳು ವರ್ಷಕ್ಕೊಮ್ಮೆ ಬಂದರೂ ಊರಿನ ಪ್ರಾರ್ಥನೆ ನಿಲ್ಲಲಿಲ್ಲ. 1705ರಲ್ಲಿ ಗೋವಾದಿಂದ ಬಂದ ಜಾಕೋಮೆ ಗೊನ್ಸಾಲ್ವಿಸ್ ಅನ್ನುವ ಯುವ ಗುರುವಿಗೆ ಭಾಷೆಯ ಮೇಲೆ ಹಿಡಿತ ಇತ್ತು. ವಾಜರು ಅದನ್ನು ಕಂಡು ಸಿಂಹಳ ಚೆನ್ನಾಗಿ ಕಲಿಯಲು ಹಚ್ಚಿದರು. ಸಿಂಹಳದ ಕ್ರೈಸ್ತ ಸಾಹಿತ್ಯ ಶುರುವಾಗಿದ್ದೇ ಆ ಶಿಷ್ಯನಿಂದ. ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ಕ್ಕೆ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತ ಅಂತ ಘೋಷಿಸಿದ್ದನ್ನು ನಾವು ಟಿವಿಯಲ್ಲಿ ನೋಡಿದೆವು. ಅಕ್ಕೋರು ಕುರ್ಚಿಯ ಮೇಲೆ ಕೂರಲಿಲ್ಲ. ಕೊನೆಯವರೆಗೂ ನಿಂತೇ ನೋಡಿದರು.

ಕಿಟೆಲ್ಲರ ಮೇಲೂ ಅವರಿಗೆ ಬಹಳ ಗೌರವ. ಕನ್ನಡ ಕಲಿಸುವವರಲ್ಲವಾ. ಕಿಟೆಲ್ಲರು ನಮ್ಮ ಕಥೋಲಿಕ ಸಭೆಯವರಲ್ಲ, ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ನಿನವರು. ಆ ಭೇದ ಅಕ್ಕೋರಿಗೆ ಇರಲಿಲ್ಲ. "1853ರಲ್ಲಿ ಬಂದ ಮನುಷ್ಯ. ನಿಘಂಟು ಅಚ್ಚಾಗಿದ್ದು 1894ರಲ್ಲಿ. ಒಂದೊಂದೇ ಶಬ್ದ ಕೂಡಿಸಿದರು. ನಾವು ಇಪ್ಪತ್ತು ಮಕ್ಕಳನ್ನು ಕೂಡಿಸಲಾರೆವಾ ತಂಗಿ?" ಮಳೆಗಾಲದಲ್ಲಿ ಆರು ಮಕ್ಕಳು ಮಾತ್ರ ಬಂದ ದಿನ ಈ ಮಾತು ಹೇಳಿದ್ದರು. ಆರು ಮಕ್ಕಳಿಗೇ ಪೂರ್ತಿ ಪಾಠ ಆಯಿತು.

ಕಲಿಸಿದವರಲ್ಲಿ ನಮ್ಮ ಧರ್ಮದವರಲ್ಲದವರೂ ಇದ್ದಾರೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಬ್ಬರು ಹಿರಿಯ ತಾಂಡೇಲರು ಇದ್ದರು, ಖಾರ್ವಿ ಸಮಾಜದವರು. ಪರ್ಸೀನ್ ಬಲೆಯ ಯಂತ್ರದ ಬೋಟುಗಳು ಬರುವ ಮೊದಲು ರಂಪಣಿ ಜೋರಾಗಿದ್ದ ಕಾಲದಲ್ಲಿ ಅದರ ಮುಂದಾಳು. ರಂಪಣಿ ನೋಡಿಲ್ಲದವರಿಗೆ ಹೇಳಬೇಕು. ಬಲೆಯ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಬಿಡುತ್ತಾ ಬಂದು ಇನ್ನೊಂದು ಕಡೆ ದಡ ಸೇರುತ್ತದೆ. ಆಮೇಲೆ ಎರಡೂ ತುದಿಯ ಹಗ್ಗಕ್ಕೆ ಜನ ಕೈ ಹಾಕಿ ಎಳೆಯಬೇಕು. ಗಂಡಸರು, ಹೆಂಗಸರು, ಶಾಲೆ ಬಿಟ್ಟ ಮಕ್ಕಳು, ಯಾರು ಹಗ್ಗ ಹಿಡಿದರೂ ಅವರಿಗೆ ಪಾಲು.

ಇಷ್ಟು ಜನರನ್ನು ಹೇಗೆ ನಡೆಸುತ್ತಿದ್ರಿ ಅಂತ ಅವರನ್ನು ಕೇಳಿದ್ದೆ. "ಜೋರು ಇದ್ದವನನ್ನು ತಡೀಬೇಕು, ಅಷ್ಟೇ" ಅಂದರು. ನನಗೆ ಅರ್ಥವಾಗಲಿಲ್ಲ. ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಎರಡೂ ಬದಿ ಸಮ ಬರಬೇಕು. ಒಂದು ಬದಿಯವರು ಶಕ್ತಿ ಇದೆ ಅಂತ ಬೇಗ ಎಳೆದರೆ ಬಲೆ ಓರೆಯಾಗುತ್ತದೆ, ಮೀನು ಆ ಸಂದಿನಿಂದ ಹೊರಗೆ ಹೋಗುತ್ತದೆ. ಹಾಗಾಗಿ ತಾಂಡೇಲ ಹಗ್ಗ ಎಳೆಯುವುದಿಲ್ಲ. ನಡುವೆ ನಿಂತು ಎರಡೂ ಕಡೆ ನೋಡುತ್ತಾನೆ, ಮುಂದೆ ಹೋದವರಿಗೆ ಕೂಗಿ ಹೇಳುತ್ತಾನೆ, ನಿಲ್ಲಿ ಅಂತ.

ನನ್ನ ಮೊದಲ ವರ್ಷ ನೆನಪಾಯಿತು. ಹಾಡು, ನಾಟಕ, ಕ್ವಿಜ್. ನಾನು ಎಳೆದದ್ದೇ ಎಳೆದದ್ದು. ಸಂದಿನಿಂದ ಒಬ್ಬ ಹುಡುಗ ಹೊರಗೆ ಹೋಗಿದ್ದ.

ಬೈಬಲ್ಲಿನಲ್ಲಿ ಇಸ್ರಯೇಲ್ ಜನರ ಮುಂದಾಳು ಮೋಶೆಗೂ ಇಂಥ ಮಾತು ಹೊರಗಿನವರಿಂದಲೇ ಬಂತು. ವಿಮೋಚನಾಕಾಂಡದ 18ನೆ ಅಧ್ಯಾಯದಲ್ಲಿ ಅವನ ಮಾವ ಇತ್ರೋ ಬರುತ್ತಾನೆ. ಅವನು ಇಸ್ರಯೇಲಿನವನಲ್ಲ, ಮಿದ್ಯಾನಿನ ಯಾಜಕ. ಮೋಶೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ಕೇಳುವುದನ್ನು ನೋಡಿ ಅವನು ಹೊಗಳಲಿಲ್ಲ. ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಸೋತುಹೋಗುತ್ತೀ, ಜನರೂ ಸೋತುಹೋಗುತ್ತಾರೆ ಅಂದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅಂದ. ಸಮುದ್ರ ದಾಟಿಸಿದ ಮನುಷ್ಯ, ದೇವರ ಜೊತೆ ಮಾತಾಡಿದವನು, ಮಾವನ ಮಾತು ಕೇಳಿ ಹಾಗೆಯೇ ಮಾಡಿದ. ಮೋಶೆಯ ದೊಡ್ಡತನ ನನಗೆ ಅಲ್ಲಿ ಕಾಣುತ್ತದೆ.

ಅಕ್ಕೋರು ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟದ್ದು ಅವರು ಇನ್ನೂ ಗಟ್ಟಿಯಾಗಿದ್ದಾಗಲೇ. ಜೂನ್ ತಿಂಗಳ ಮೊದಲ ಭಾನುವಾರ, ಹೊಸ ವರ್ಷದ ಪಾಠ ಶುರುವಾಗುವ ದಿನ. "ಇನ್ನು ನೀನು ಬರಿ" ಅಂದರು. ನಾನು ಬೇಡ ಬೇಡ ಅಂದೆ. "ಕೈ ನಡುಗೋ ಮೊದಲೇ ಕೊಡಬೇಕು ತಂಗಿ. ಆಮೇಲೆ ಕೊಟ್ಟರೆ ಅದು ಕೊಟ್ಟ ಹಾಗಲ್ಲ, ಬಿದ್ದುಹೋದ ಹಾಗೆ." ಅವತ್ತಿನಿಂದ ಅವರು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತರು. ನಾನು ತಪ್ಪು ಹೇಳಿದರೂ ಮಧ್ಯೆ ಬಾಯಿ ಹಾಕಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ನಾವಿಬ್ಬರೇ ಇದ್ದಾಗ ಹೇಳುತ್ತಿದ್ದರು.

ಕೊನೆಯ ವರ್ಷಗಳಲ್ಲಿ ಅವರು ನನಗೆ ಫೋನು ಮಾಡಿ ಸಣ್ಣ ಸಣ್ಣ ಕೆಲಸ ಹೇಳುತ್ತಿದ್ದರು. ಪೇಟೆಯಿಂದ ಬರುವಾಗ ರೇಡಿಯೋಕ್ಕೆ ಎರಡು ಸೆಲ್ ತಾ. ಕಾಲುನೋವಿನ ಎಣ್ಣೆ ತಾ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು, ಕೆಲಸದ ಮೇಲಲ್ಲ, ಅವರನ್ನು ಹಾಗೆ ನೋಡಲು. ನಂತರ ಪೌಲನ ಅದೇ ಪತ್ರ ಮತ್ತೆ ಓದುವಾಗ ಒಂದು ಕಡೆ ಕಣ್ಣು ನಿಂತಿತು. ಮಾರ್ಕನನ್ನು ಕರೆದುಕೊಂಡು ಬಾ ಅಂದ ಮುಂದೆಯೇ ಅವನು ಕೇಳುತ್ತಾನೆ: ತ್ರೋವದಲ್ಲಿ ಕಾರ್ಪನ ಮನೆಯಲ್ಲಿ ಬಿಟ್ಟುಬಂದ ನನ್ನ ನಿಲುವಂಗಿ ತಾ, ಪುಸ್ತಕಗಳನ್ನೂ ತಾ. ಇನ್ನೂ ಸ್ವಲ್ಪ ಕೆಳಗೆ: ಚಳಿಗಾಲಕ್ಕೆ ಮೊದಲೇ ಬರಲು ಪ್ರಯತ್ನಿಸು. ಎಷ್ಟೋ ಊರುಗಳಲ್ಲಿ ಸಭೆ ಕಟ್ಟಿದ ಮನುಷ್ಯನಿಗೆ ಚಳಿ. ಶಿಷ್ಯನ ಹತ್ತಿರ ಅಂಗಿ ಕೇಳಲು ಅವನಿಗೆ ಸಂಕೋಚ ಇಲ್ಲ. ಅದನ್ನು ಓದಿದ ಮೇಲೆ ಅಕ್ಕೋರು ಸೆಲ್ ತಾ ಅಂದರೆ ನಾನು ಅವತ್ತೇ ಹೋಗಿ ಕೊಟ್ಟು ಬರುತ್ತಿದ್ದೆ. ಹೋದವಳು ಕೂತು, ಮಾತಾಡಿ, ಬರುವಾಗ ಕತ್ತಲಾಗಿರುತ್ತಿತ್ತು.

ಅವರು ಹೋಗಿ ಈಗ ಕೆಲವು ವರ್ಷವಾಯಿತು. ಮಣ್ಣಿಗೆ ಹೋದಾಗ ಬಂದ ಜನರನ್ನು ನೋಡಬೇಕಿತ್ತು. ಬೋಟು ಬಿಟ್ಟು ಬಂದವರು, ಗೋವಾದಿಂದ ರಾತ್ರಿ ರೈಲು ಹಿಡಿದು ಬಂದವರು, ಅವರ ಕನ್ನಡ ಶಾಲೆಯಲ್ಲಿ ಕಲಿತ ಎಲ್ಲ ಜಾತಿಯವರು. ಆ ತಾಂಡೇಲರು ಕೋಲು ಊರಿಕೊಂಡು ಬಂದು, ಬಿಸಿಲಲ್ಲಿ ಕೊನೆಯವರೆಗೂ ನಿಂತಿದ್ದರು.

ಆ ಹುಡುಗನ ವಿಷಯ ಹೇಳಬೇಕು. ಅವನಿಗೆ ಈಗ ಮೂವತ್ತು ಹತ್ತಿರ. ಐಸ್ ಪ್ಲಾಂಟಿನಲ್ಲಿ ಕೆಲಸ. ಆರು ವರ್ಷದಿಂದ ನಮ್ಮ ಜೊತೆ ಪಾಠ ಮಾಡುತ್ತಿದ್ದಾನೆ. ಸಣ್ಣ ಮಕ್ಕಳ ಗುಂಪು ಅವನದೇ. ಪ್ರಾರ್ಥನೆ ತಪ್ಪಿದ ಮಗುವನ್ನು ಅವನು ಹೇಗೆ ಕೂರಿಸಿಕೊಂಡು ಹೇಳಿಕೊಡುತ್ತಾನೆ ಅಂತ ನಾನು ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಪಿಲಾತನ ಹೆಸರಿಗೆ ಬಂದಾಗ ತಾನೂ ಜೊತೆಗೆ ಹೇಳುತ್ತಾನೆ.

ಹೋದ ತಿಂಗಳು ಫೆಸ್ತಿನ, ಅಂದರೆ ಇಗರ್ಜಿ ಹಬ್ಬದ, ಲೆಕ್ಕದ ವಿಷಯದಲ್ಲಿ ಒಂದು ಮಾತು ಬಂತು. ಅವನ ತಪ್ಪೇನೂ ಇರಲಿಲ್ಲ. ಆದರೆ ಮಾತು ಅವನಿಗೆ ನಾಟಿತು. ಅವನು ಎದ್ದು ಹೋದ. ನಾಲ್ಕು ಭಾನುವಾರ ಆಯಿತು, ಬಂದಿಲ್ಲ. ಫೋನು ಎತ್ತುವುದಿಲ್ಲ. ಪೂಜೆಗೆ ಬರುತ್ತಾನೆ, ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ಅವನ ಗುಂಪು ನೋಡಿಕೊಳ್ಳಲು ಈಗ ಒಬ್ಬ ಕಾಲೇಜು ಹುಡುಗಿ ಬಂದಿದ್ದಾಳೆ. "ಅವರ ಹೆಸರು ತೆಗೆಯೋದಾ ಅಕ್ಕೋರೆ?" ಅಂತ ಮೊನ್ನೆ ಅವಳು ಕೇಳಿದಳು.

ಈ ತಿಂಗಳ ಹಾಳೆ ನಿನ್ನೆ ರಾತ್ರಿ ಬರೆದೆ. ಅವನ ಹೆಸರು ಎಲ್ಲಿ ಇತ್ತೋ ಅಲ್ಲಿಯೇ ಇದೆ. ಹಿತ್ತಲಲ್ಲಿ ಹರಿವೆ ಚೆನ್ನಾಗಿ ಬಂದಿದೆ. ಸಂಜೆ ಅವನ ಡ್ಯೂಟಿ ಮುಗಿಯುವ ಹೊತ್ತಿಗೆ ಒಂದು ಕಟ್ಟು ಕಿತ್ತುಕೊಂಡು ಅಳಿವೆ ಕಡೆ ಹೋಗಬೇಕು. ಅವನ ಅಮ್ಮನನ್ನೂ ಕಾಣದೆ ಬಹಳ ದಿನ ಆಯಿತು.